ಏಳನೆಯದು

ನಾನು ಬಸ್ಸು ಓಡಿಸುವವ. ನನ್ನ ಪಾಲಿನ ವಿಜ್ಞಾನ ಇಷ್ಟೇ:
ಕೊರಳಿಗೊಂದು ಸೀಟಿ, ಕೈಯಲ್ಲಿ ಗಡಿಯಾರ,
ಇಳಿತ ಮುಗಿದು ನೀರು ತಿರುಗಿತೆಂದರೆ ಊದಬೇಕು.
ಆರ್ಕ್ನಿಯ ಈ ದಂಡೆಯಲ್ಲಿ ಕಡಲು ಎರಡು ಸಲ ಹೇಳುವುದಿಲ್ಲ.

ಹದಿನಾಲ್ಕು ಮಕ್ಕಳು, ಹದಿನಾಲ್ಕು ಜೊತೆ ರಬ್ಬರ್ ಬೂಟು,
ಅದರಲ್ಲೊಂದು ಆಗಲೇ ನೀರು ಕುಡಿದಿದೆ.
ಟೀಚರ್ ರೆಂಡಲ್ ಚೀಲದಿಂದ ತೆಗೆದದ್ದು
ಸೂಕ್ಷ್ಮದರ್ಶಕವಲ್ಲ, ಉಗುರುಬಣ್ಣದ ಶೀಶೆ,
ತಂಗಿಯ ಮದುವೆಗೆ ಕೊಂಡು ಮಿಕ್ಕ ಕೆಂಪು.

ಬಂಡೆಯ ತುಂಬ ಲಿಂಪೆಟ್‌ಗಳು,
ಯಾರೋ ಬೋರಲು ಹಾಕಿ ಮರೆತ ಬಟ್ಟಲುಗಳ ಹಾಗೆ.
"ಕೀಳಬೇಡಿ. ಒರೆಸಿ, ಬರೆಯಿರಿ.
ಚಿಪ್ಪಿಗೊಂದು ಅಂಕಿ, ಪಕ್ಕದ ಕಲ್ಲಿಗೂ ಅದೇ ಅಂಕಿ.
ಉಬ್ಬರದಲ್ಲಿ ಇವು ಮೇಯಲು ಹೋಗುತ್ತವೆ,
ತಿರುಗಿ ತಮ್ಮ ಜಾಗಕ್ಕೇ ಬರುತ್ತವೋ, ನಾಳೆ ನೋಡೋಣ."
ಚಳಿಗೆ ಕೈ ನಡುಗಿ ಎಂಟರ ಸೊಂಟ ಹೋಯಿತು.
ಥೋರಾ ತನ್ನ ಏಳಕ್ಕೆ ಉಫ್ ಉಫ್ ಎಂದು ಊದಿ ಒಣಗಿಸಿದಳು,
ಬಿಸಿ ಗಂಜಿಗೆ ಊದುವಂತೆ.

ಮರುದಿನ ಒಂದರಿಂದ ಇಪ್ಪತ್ತು, ಎಲ್ಲ ಮನೆಯಲ್ಲಿ.
ಕಲ್ಲಿನ ಗುಳಿಗೆ ಚಿಪ್ಪಿನ ಅಂಚು
ಡಬ್ಬಿಗೆ ಮುಚ್ಚಳ ಕೂತ ಹಾಗೆ ಕೂತಿದೆ.
ಏಳು ಮಾತ್ರ...

ಎರ್ಲೆಂಡ್ ಪಟ್ಟಿಯಲ್ಲಿ ಬರೆದ: ಸತ್ತಿದೆ.
ಥೋರಾ ಪೆನ್ಸಿಲ್ ಕಸಿದು ಹೊಡೆದುಹಾಕಿದಳು.
"ಸತ್ತದ್ದು ನೀನು ಕಂಡೆಯಾ?"
"ಇಲ್ಲ ಅಂತ ಬರಿ ಹಾಗಾದರೆ."
"ಇಲ್ಲ ಅನ್ನೋದೂ ನಮಗೆ ಗೊತ್ತಿಲ್ಲ."
ಗಾಳಿಗೆ ಹಾಳೆ ಪಟಪಟ. ಮೂಗು ಸೊರಸೊರ.
ಕೊನೆಗೆ ಅವಳ ಅಕ್ಷರ, ಕಿರಿದಾದ ಖಾನೆಯಿಂದ ಹೊರಚೆಲ್ಲಿ:
ನಮಗೆ ಕಾಣಲಿಲ್ಲ.
ಟೀಚರ್ ತಿದ್ದಲಿಲ್ಲ. ನಾನು ಸೀಟಿ ಊದಿದೆ.

ಭಾನುವಾರ ನನಗೆ ರಜೆ.
ಟಾರ್ಚಿಗೆ ಬ್ಯಾಟರಿ ತರುತ್ತೇನೆಂದು ಹೆಂಡತಿಗೆ ಹೇಳಿ ಬಂದೆ.
ಮೊಣಕಾಲೂರಿ, ಕಡಲಕಳೆಯ ಜಡೆ ಎತ್ತಿ ಎತ್ತಿ ನೋಡಿದರೆ
ಒಂದು ಮಾರು ಆಚೆ, ಬಿರುಕಿನೊಳಗೆ, ಒಂದು ಚಿಪ್ಪು.
ಸವೆದ ಕೆಂಪು ಗೀಟು. ಏಳೋ? ಒಂದೋ?

ಒಂದು ತನ್ನ ಮನೆಯಲ್ಲಿದ್ದರೆ ಇದು ಏಳು.
ಒಂದರ ಮನೆ ಇನ್ನೂ ಕೆಳಗೆ, ನೀರಂಚಿಗೆ.
ಇಳಿದೆ. ಕಳೆ ಸರಿಸಿದೆ. ಮತ್ತೆ ಸರಿಸಿದೆ.
ಬೂಟಿನೊಳಗೆ ತಣ್ಣಗೆ ಏನೋ ನುಗ್ಗಿದಾಗ ಹೊಳೆಯಿತು,
ಇವತ್ತು ಗಡಿಯಾರ ನೋಡುವವರು ಯಾರೂ ಇಲ್ಲ.
ಕೊರಳು ತಡವಿದೆ. ಸೀಟಿ ಅಲ್ಲೇ ಇತ್ತು.
ನನಗೆ ನಾನೇ ಊದಿಕೊಂಡೆ. ದೂರದಲ್ಲೊಂದು ಸೀಲ್
ತಲೆಯೆತ್ತಿ, ಯಾರನ್ನು ಕರೆದೆ ಎಂಬಂತೆ ನೋಡಿತು.

ಡೀಸೆಲ್ ರಸೀದಿಯ ಬೆನ್ನಿಗೆ ಬರೆದುಕೊಂಡಿದ್ದೇನೆ:
ಕೆಂಪು ಗೀಟು ಕಂಡಿತು. ಅಂಕಿ ತಿಳಿಯಲಿಲ್ಲ.
ಇದಕ್ಕೆ ಯಾವ ಖಾನೆಯೋ,
ಸೋಮವಾರ ಥೋರಾಳನ್ನು ಕೇಳಬೇಕು.