ಕೈ ಮಾತ್ರ ನನ್ನದು

ಶಿಡ್ಲಘಟ್ಟದ ನಮ್ಮ ಬಿಚ್ಚಾಣಿಕೆ ಷೆಡ್ಡಿಗೆ
ಸಿನಿಮಾದವರು ಬಂದಾಗ
ಮೊದಲು ಮಾಡಿದ್ದು, ಮೂಗು ಮುಚ್ಚಿಕೊಂಡದ್ದು.
ಬೆಂದ ಹುಳುವಿನ ವಾಸನೆ. ಅವರ ತಪ್ಪಲ್ಲ.
ಮದುವೆಯಾಗಿ ಬಂದ ವರ್ಷ
ನಾನೂ ಮೂಗಿಗೆ ಸೆರಗು ಕಟ್ಟಿಕೊಂಡೇ ಕೂರುತ್ತಿದ್ದೆ.

ಒಬ್ಬಳು ಮಾತ್ರ ಮುಚ್ಚಲಿಲ್ಲ.
ತೆಳ್ಳಗೆ, ಪೌಡರೂ ಇಲ್ಲದ ಮುಖ, ಯಾರದೋ ಹಳೇ ವಾಯಿಲ್ ಸೀರೆ.
ಕೆಲಸ ಕೇಳಿ ಬಂದವಳು ಅಂದುಕೊಂಡು
"ಅಡ್ವಾನ್ಸ್ ಎಷ್ಟು ತಗೊಂಡೆ?" ಅಂದೆ.
ಅವಳು ನಗಲಿಲ್ಲ.
"ಇನ್ನೂ ಪೂರ್ತಿ ಕೊಟ್ಟಿಲ್ಲಕ್ಕ" ಅಂದಳು.
ಆಮೇಲೆ ಬಿಲ್ಕೀಸ್ ಕಿವಿಯಲ್ಲಿ ಉಸುರಿದಳು: ಹೀರೋಯಿನ್ನು.

ಹಂಗಾದರೆ ಹೀರೋ ಯಾರು?
ಇಲ್ಲವಂತೆ.
ಇಡೀ ಪಿಕ್ಚರಿಗೆ ಅವಳೊಬ್ಬಳೇ,
ಅವಳ ಹಿಂದೆ ಹೊಗೆಯಲ್ಲಿ ನಾವು.

ಐದು ದಿನ ಪಕ್ಕದಲ್ಲಿ ಕೂತು ಕಲಿತಳು.
ಎಳೆಯ ತುದಿ ಕಣ್ಣಿಗೆ ಕಾಣೋದಲ್ಲ ಕಣಮ್ಮ,
ಬೆರಳಿಗೆ ಗೊತ್ತಾಗೋದು ಅಂತ ನಾನು.
ಆರನೇ ದಿನ ಕುದಿನೀರು ತಾಗಿ ಬೊಬ್ಬೆ ಎದ್ದಿತು.
ಗಾಬರಿಯಲ್ಲಿ ತೆಲುಗೇ ಬಂತು ಬಾಯಿಗೆ: "ಕಾಲಿಂದಾ?"
ಪಾಪ, ಅವಳು ಕಾಲು ನೋಡಿಕೊಂಡಳು.

ಹಾಗಾಗಿ ಮುಖ ಅವಳದು, ಕೈ ನನ್ನದು ಎಂದಾಯಿತು.
ತೊಡಕು ಒಂದೇ:
ನನ್ನ ಎಡಗೈ ತೋರುಬೆರಳಿಗೆ ಉಗುರಿಲ್ಲ,
ಹದಿನೆಂಟು ವರ್ಷದ ಬಿಸಿನೀರು ತಿಂದು ಹಾಕಿದೆ.
ಅದಕ್ಕೆ ಅವಳ ಚಂದದ ಉಗುರಿನ ಮೇಲೆ
ದಿನಾ ಅರ್ಧ ಗಂಟೆ ಮೇಣ ಮೆತ್ತಿ
ಇಲ್ಲದ ಉಗುರು ಮಾಡಿದರು.
ಇರುವುದನ್ನು ಇಲ್ಲ ಮಾಡಲು ಅಷ್ಟು ಖರ್ಚು!
ನನಗೆ ಬಿಟ್ಟಿಯಾಗಿ ಆಗಿತ್ತು.

ಒಂದು ಶಾಟು ಮಾತ್ರ ಕಷ್ಟವಾಯಿತು.
ಕಥೆಯ ಹೆಂಗಸು ಎದ್ದು ಹೋಗಿ
ಮೋಟರಿನ ಸ್ವಿಚ್ಚು ಆರಿಸುತ್ತಾಳೆ,
ಲೆಕ್ಕ ಹೇಳಿ ಆಮೇಲೆ ತಿರುಗಲಿ ರಾಟೆ, ಅಂತ.
ನನ್ನ ಕೈ ಹೋಯಿತು, ಗೇಣು ದೂರದಲ್ಲಿ ನಿಂತಿತು.
ಆ ಸ್ವಿಚ್ಚು ಖಲಂದರ್ ಸಾಬರದು. ನಾವ್ಯಾರೂ ಮುಟ್ಟಿದವರಲ್ಲ.
"ಒನ್ ಮೋರ್" ಅಂದರು. ಹನ್ನೊಂದು ಸಲ.
ಏಳಕ್ಕೆ ಹೆದರಿಕೆ ಹೋಯಿತು,
ಎಂಟಕ್ಕೆ ಅದೆಂಥದೋ ಖುಷಿ,
ಹನ್ನೊಂದಾದ ಮೇಲೆ
ಸಾಕು ಅಂದರಲ್ಲ, ಬೇಜಾರಾಯಿತು.

ಪಿಕ್ಚರು ಬಂತು. ಶುಕ್ರವಾರ ಷೆಡ್ಡಿಗೆ ರಜ.
ಚಿಕ್ಕಬಳ್ಳಾಪುರಕ್ಕೆ ಹೋದೆವು, ಮ್ಯಾಟಿನಿ,
ಹದಿಮೂರು ಹೆಂಗಸರು, ಒಂದು ಕೈಗೂಸು.
ತೆರೆಯ ತುಂಬ ಬಾಗಿಲಗಲದ ಬೆರಳು;
"ನಮ್ಮ ಅಕ್ಕಯ್ಯಮ್ಮಂದು!" ಅಂತ ಬಿಲ್ಕೀಸ್ ಕೂಗಿದಳು.
ಹಿಂದಿನ ಹುಡುಗರು ಶ್ ಅಂದರು.
ಸ್ವಿಚ್ಚು ಆರಿದಾಗ
ಅದೇ ಹುಡುಗರು ವಿಷಲ್ ಹೊಡೆದರು.

ಆದರೆ ನನ್ನ ಎದೆಗೆ ಬಡಿದದ್ದು ಅದಲ್ಲ.
ಮಧ್ಯಾಹ್ನ, ಬುತ್ತಿ ಬಿಚ್ಚಿ, ಮುದ್ದೆ ಮುರಿಯುವ ಮೊದಲು
ಅವಳು ಕೈ ಮೂಸಿ ನೋಡುತ್ತಾಳೆ.
ಎರಡು ಸಲ ಸೋಪು ಹಾಕಿ ತೊಳೆದ ಕೈ.
ಮುಖ ಸಿಂಡರಿಸುವುದಿಲ್ಲ. ಉಣ್ಣುತ್ತಾಳೆ.
ಅಷ್ಟೆ. ಹಾಡಿಲ್ಲ, ಡೈಲಾಗಿಲ್ಲ.
ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.
ನಾನು ಹಾಗೆ ಮಾಡುತ್ತೇನೆಂದು
ನನಗೇ ಗೊತ್ತಿರಲಿಲ್ಲ.
ಆ ಐದು ದಿನ ನಾನು ನೂಲು ತೋರಿಸುತ್ತಿದ್ದರೆ
ಹುಡುಗಿ ಬೇರೆ ಯಾವುದೋ ತುದಿ ಹಿಡಿದಿದ್ದಳು.

ಕೊನೆಗೆ ಹೆಸರುಗಳು ಓಡಿದವು, ಇಂಗ್ಲಿಷಿನಲ್ಲಿ.
ನಿನ್ನದು ಬಂತಾ ಅಂತ ಎಲ್ಲರೂ ಕೇಳಿದರು.
ನಾನು ನೋಡುತ್ತಿರಲಿಲ್ಲ.
ಕತ್ತಲಲ್ಲಿ ಕೈ ಮೂಗಿನ ಹತ್ತಿರ ಇತ್ತು.

ಶನಿವಾರ ಮತ್ತೆ ಕುದಿನೀರು, ಮತ್ತೆ ಗೂಡು.
"ಹೆಂಗಿತ್ತಮ್ಮ ನಿನ್ನ ಆ್ಯಕ್ಟಿಂಗು?" ಕೇಳಿದರು ಖಲಂದರ್ ಸಾಬ್.
"ನಾನೆಲ್ಲಿ ಮಾಡಿದೆ ಸಾಬ್,
ಕೈ ಮಾಡಿತು" ಅಂದೆ.
ನಕ್ಕರು. ನಗುತ್ತಲೇ
ಸ್ಟೂಲನ್ನು ಸ್ವಿಚ್ ಬೋರ್ಡಿನ ಹತ್ತಿರಕ್ಕೆ
ಎಳೆದುಕೊಂಡು ಕೂತರು.