ನಸು

ಪೋರ್ಟ್ ಪಿರಿಯಲ್ಲಿ ಸೀಸ ಕರಗಿಸುತ್ತಾರೆ.
ಊರಿಗೆ ದಾರಿ ಕೇಳಿದರೆ ಯಾರೂ ಬಾಯಿ ಬಿಡುವುದಿಲ್ಲ,
ಗದ್ದವೆತ್ತಿ ಚಿಮಣಿ ತೋರಿಸುತ್ತಾರೆ.
ಅಲ್ಲಿಯ ಹಾರ್ಡ್‌ವೇರ್ ಅಂಗಡಿಯಲ್ಲಿ
ಗೋಡೆಗೆ, ಬೇಲಿಗೆ, ದೋಣಿಗೆ
ಹತ್ತೊಂಬತ್ತು ವರ್ಷದಿಂದ ಬಣ್ಣ ಬೆರೆಸುತ್ತಿದ್ದೇನೆ.
ಅಂಕೋಲೆಯವನು, ಹಡಗಿನ ಅಡುಗೆಯವನಾಗಿ ಬಂದು ಇಳಿದೆ.
ಹಡಗು ಹೋಯಿತು. ಅದು ಬೇರೆ ಕತೆ.

ಲವ್‌ಡೇ ಟ್ರೆಗೆನ್ಜಾ ಶುಕ್ರವಾರ ಬರುತ್ತಿದ್ದಳು,
ಬೆರಕೆ ತಪ್ಪಿದ ಡಬ್ಬಗಳಿಗೆ.
ಗಿರಾಕಿ ಮೂಗು ಮುರಿದು ಬಿಟ್ಟುಹೋದದ್ದು
ಅರ್ಧ ಬೆಲೆಗೆ ಅವಳದ್ದು.
"ಇದು ಯಾರಿಗೆ ಬೇಡವಾಯಿತು?"
ಪ್ರತಿ ಸಲ ಕೇಳುವಳು, ಮುಚ್ಚಳದ ಮೇಲೆ ಬರೆದುಕೊಳ್ಳುವಳು:
ಹೊಸ ಸೊಸೆ ಒಲ್ಲೆನೆಂದ ಗಿಳಿಹಸಿರು,
ಹಲ್ಲಿನ ಡಾಕ್ಟರಿಗೆ ಕೆಂಪು ಹೆಚ್ಚಾದ ಕೆಂಪು,
ಸತ್ತ ನಾಯಿಯ ಗೂಡಿಗೆಂದು ತರಿಸಿದ ನೀಲಿ.

ಅವಳ ಅಪ್ಪ ಕುಲುಮೆಯಾಳು.
ರಾತ್ರಿಪಾಳಿ ಮುಗಿಸಿ ಬಂದು ಅಂಗಿಯನ್ನು ಹೊರಗೇ ಬಿಚ್ಚುತ್ತಿದ್ದ,
ಮಕ್ಕಳು ಮುಟ್ಟಕೂಡದು.
ಮುಟ್ಟದ ಆ ಅಂಗಿಯ ಬೂದುಬಣ್ಣವೊಂದನ್ನೇ ಹುಡುಕುತ್ತ
ಹನ್ನೊಂದು ವರ್ಷ.
ಅಡಿಲೇಡಿನಲ್ಲಿ ಮೊದಲ ಪ್ರದರ್ಶನ, ಇಪ್ಪತ್ತು ಬೂದು.
ಪೇಪರಿನವನು ಬರೆದ: ಮೋಡ ಕವಿದ ವಾತಾವರಣ ಮುಂದುವರಿಯಲಿದೆ.
ಮಾರಿದ್ದು ಒಂದು. ಕೊಂಡವಳು ಚಿಕ್ಕಮ್ಮ.

ಆಮೇಲೆ ಹಳದಿ.
ಗೋಧಿಯದ್ದೋ ಎಂದರೆ ಅಲ್ಲ, ಬಿಸಿಲಿನದ್ದೋ ಎಂದರೆ ಅಲ್ಲ,
ಯಾವುದರದ್ದೂ ಅಲ್ಲದ, ಯಾರ ಮನೆಯದ್ದೂ ಅಲ್ಲದ
ಬರೀ ಹಳದಿ.
ಗಂಡ ಕ್ಲೆಮ್ ಏಳು ವರ್ಷ ತಡೆದ.
ಕೂರುವ ಕುರ್ಚಿಗೂ ಹಳದಿ ಹತ್ತಿದ ದಿನ
ಕುರ್ಚಿ ಬಿಟ್ಟು ಹೋದ.

ಕೆಂಪಿನ ಕಾಲದಲ್ಲಿ ಹೆಸರು ಬಂತು.
ಸಿಡ್ನಿಯ ಬ್ಯಾಂಕೊಂದು ಆಳೆತ್ತರದ್ದನ್ನು ಕೊಂಡಿತು,
ಐದು ತಿಂಗಳಿಗೆ ವಾಪಸು ಕಳಿಸಿತು:
ಸಾಲದ ಕೌಂಟರಿನ ಹಿಂದೆ ಇಷ್ಟು ಕೆಂಪು ಬೇಡವಂತೆ.
ಅದರ ಬೆನ್ನಿಗೂ ಬರೆದಳು, ಬೇಡವೆಂದವರ ಹೆಸರು.
ಅವತ್ತು ಅಂಗಡಿಯಲ್ಲಿ ಅವಳು ನಕ್ಕದ್ದಕ್ಕೆ
ಮೊಳೆ ಕೊಳ್ಳಲು ಬಂದವರು ತಿರುಗಿ ನೋಡಿದರು.

ಒಂದು ಶುಕ್ರವಾರ, ಡಬ್ಬದೊಳಗೆ ಬೆರಳದ್ದಿ:
"ಇದಕ್ಕೆ ನಿನ್ನ ಭಾಷೆಯಲ್ಲಿ?"
ನಸುಗೆಂಪು, ಎಂದೆ.
"ಕೆಂಪು ಕಲಿಸಿದ್ದೀಯ. ನಸು ಎಂದರೆ?"
ಕಿರುಬೆರಳ ತುದಿಗೆ ಹೆಬ್ಬೆರಳಿಟ್ಟು ತೋರಿಸಿದೆ:
ಇಷ್ಟೇ ಇಷ್ಟು.
ತಾನೊಂದೇ ನಿಲ್ಲದು,
ಯಾವುದಾದರೂ ಮಾತಿನ ಕೈ ಹಿಡಿಯಬೇಕು.
"ಹಿಡಿಯದಿದ್ದರೆ?"
ಗೊತ್ತಿರಲಿಲ್ಲ. ಇನ್ನೊಬ್ಬ ಗಿರಾಕಿ ಕಾಯುತ್ತಿದ್ದ.

ನಸುಕು ಎಂಬ ಮಾತು ನೆನಪಾದದ್ದು ಮನೆಯ ದಾರಿಯಲ್ಲಿ,
ಕಾಂಡ್ಲಾ ಗಿಡಗಳ ಹತ್ತಿರ, ನೀರು ಇಳಿದ ಹೊತ್ತು.
ಹೇಳಲು ಮುಂದಿನ ಶುಕ್ರವಾರದವರೆಗೆ ಕಾದೆ.
ಅವಳು ಅಷ್ಟರಲ್ಲಿ ಶುರುಮಾಡಿಬಿಟ್ಟಿದ್ದಳು.

ಕೊನೆಯ ಒಂಬತ್ತು ವರ್ಷ ಅದೇ.
ಬರೀ ಬಿಳಿ, ಏನೂ ಇಲ್ಲವೆಂದು ಜನ ಕೈಚೀಲ ಎತ್ತಿಕೊಳ್ಳುವರು.
ಕಾಲು ನೋಯುವಷ್ಟು ನಿಂತರೆ
ಎಡಮೂಲೆಯಲ್ಲೊಂದು ಬರುತ್ತದೆ, ಹಳದಿಯಲ್ಲ,
ಕೆಂಪಲ್ಲ, ಇನ್ನೂ ಯಾರ ಕೈಯನ್ನೂ ಹಿಡಿದಿಲ್ಲ.
ನೋಡಿದೆನೆಂದು ಹೇಳಹೊರಟರೆ ಇರುವುದಿಲ್ಲ.

ರಕ್ತದಲ್ಲಿ ಸೀಸ ಎಂದರು ಡಾಕ್ಟರು, ಚಿಕ್ಕಂದಿನದು,
ಕೈ ನಡುಗುವುದು ಅದಕ್ಕೇ ಇರಬಹುದು.
"ಹಾಗಾದರೆ ಬಿಳಿಯನ್ನು ಕೊಳ್ಳಬೇಕಿರಲಿಲ್ಲ,"
ಎಂದಳು ನನ್ನ ಕಡೆ ತಿರುಗಿ,
"ಒಳಗೇ ಇತ್ತು."

ಅವಳು ಹೋದ ಮೇಲೆ ತಂಗಿಯ ಮಗಳು ಶೆಡ್ಡಿನ ಬಾಗಿಲು ತೆರೆಸಿದಳು.
ನಲವತ್ತೊಂದು ಕ್ಯಾನ್ವಾಸು, ಗೋಡೆಗೆ ಮುಖ ಮಾಡಿ.
ಮೂಲೆಯಲ್ಲಿ ಖಾಲಿ ಡಬ್ಬ, ಸೂರಿನವರೆಗೆ,
ಪ್ರತಿ ಮುಚ್ಚಳದ ಮೇಲೂ ಊರಿನವರು.
ಒಂದು ಕ್ಯಾನ್ವಾಸು ನನಗೆ ಬಂತು.
ಅದಕ್ಕೆ ಹೊಂದುವಂತೆ ಗೋಡೆ ಬಳಿಯಲು ನಾಲ್ಕು ಸಲ ಬೆರೆಸಿದೆ.
ಇಷ್ಟು ವರ್ಷದ ಕೈ. ಆಗಲಿಲ್ಲ.

ಮೊನ್ನೆ ಒಬ್ಬ ಡಬ್ಬ ಹಿಂದಕ್ಕೆ ತಂದ.
ಏನಾಗಿದೆ ಎಂದೆ.
"ಏನಿಲ್ಲ," ಎಂದ, "ಯಾಕೋ ಒಂಚೂರು…"
ಮುಂದೆ ಮಾತು ಸಿಗಲಿಲ್ಲ ಅವನಿಗೆ.
ಹಣ ಎಣಿಸಿಕೊಟ್ಟೆ.
ಶುಕ್ರವಾರವಲ್ಲ, ಆದರೂ
ಮುಚ್ಚಳ ತೆರೆದೇ ಇಟ್ಟೆ.