ಉಮಿಬೂದಿ

ಆರು ಸ್ಕ್ರೂ. ಐದು ಬಂದವು.
ಆರನೆಯದು ಉಪ್ಪುಗಾಳಿಗೆ ತಗಡಿನ ಜೊತೆ
ಒಂದೇ ಮೈಯಾಗಿ ಕೂತಿತ್ತು.
ಸೀಮೆಎಣ್ಣೆ ಬಿಟ್ಟೆ, ಬೈದೆ, ಚಾ ಕುಡಿದು ಬಂದೆ,
ಕೊನೆಗೆ ಉಳಿಯಿಟ್ಟು ತಲೆ ಹಾರಿಸಿದೆ.

ಕುಮಟೆಯ ಪ್ರೆಸ್ಸೊಂದು ಬಾಗಿಲು ಹಾಕಿದ ವರ್ಷ
ಅಪ್ಪ ತೂಕಕ್ಕೆ ತಂದ ಪಾತ್ರೆ ಇದು.
ಅಲ್ಲಿ ಲಗ್ನಪತ್ರಿಕೆಯ ಅಕ್ಷರ ಎರೆಯುತ್ತಿತ್ತಂತೆ.
ತದಡಿಗೆ ಬಂದು ಬೀಸುಬಲೆಯ ಮಣಿ ಎರೆಯಿತು,
ಬಲೆಯೊಂದಕ್ಕೆ ನಾಲ್ಕು ಕಿಲೋ.
"ಓದೋರಿಗಿಂತ ಮೀನು ಲೇಸು, ತಪ್ಪು ಹುಡುಕೂದಿಲ್ಲ"
ಅನ್ನುತ್ತಿದ್ದ ಅಪ್ಪ, ಕೆಮ್ಮಿನ ನಡುವೆ.

ಈಗೆರಡು ಮಳೆಗಾಲದಿಂದ
ಪಾತ್ರೆ ಹೊರಗೆ ಸುಡುತ್ತದೆ, ಒಳಗೆ ಕಾಯುವುದಿಲ್ಲ.
ಸೀಸ ಅಂಬಲಿಯಾಗಿ ನಿಂತು
ಅಚ್ಚಿನ ಬಾಯಲ್ಲೇ ಗಟ್ಟಿಯಾಗುತ್ತದೆ.
ಅರ್ಧ ಮಣಿ, ಬಾಲದ ಮಣಿ, ತೂತಿಲ್ಲದ ಮಣಿ.
ಮೀಟರು ಮಾತ್ರ ಓಡುತ್ತಲೇ ಇದೆ.

ತಗಡು ಸರಿಸಿದೆ.
ಸಂದಿಯಲ್ಲಿ ಬಿಳಿ ನಾರು,
ಮುದುಕಿಯ ತುರುಬಿನಷ್ಟು ಮೆತ್ತಗೆ, ಮುಟ್ಟಿದರೆ ಪುಡಿ.
ಕುಸಿದು ಕುಸಿದು ತಳ ಸೇರಿತ್ತು;
ಮೇಲರ್ಧ ಬರೀ ಗಾಳಿ, ಸತ್ತ ಒಂದು ಜಿರಳೆ.

ಕಲ್ನಾರು.
ಅಪ್ಪ ಬರಿಗೈಯಲ್ಲಿ ಒತ್ತಿ ತುಂಬಿದ್ದ,
ತಳದಲ್ಲಿ ಹೆಬ್ಬೆರಳಿನ ಗುಳಿ ಇನ್ನೂ ಇದೆ.
ಕೆಮ್ಮು ಎಲ್ಲಿಂದ ಬಂತೆಂದು ಡಾಕ್ಟರು ಹೇಳಲಿಲ್ಲ.
ನಾನೂ ಹೇಳುವುದಿಲ್ಲ.
ಒದ್ದೆ ಸೆರಗು ಮೂಗಿಗೆ ಕಟ್ಟಿ,
ನೀರು ಚಿಮುಕಿಸಿ ಚಿಮುಕಿಸಿ, ಸೌಟಿನಲ್ಲಿ ಎತ್ತಿ,
ಚೀಲದೊಳಗೊಂದು ಚೀಲವಿಟ್ಟು ಬಾಯಿ ಬಿಗಿದೆ.
ಎಲ್ಲಿ ಹಾಕಲಿ? ಹೊಳೆಗೆ ಬೇಡ. ಗದ್ದೆಗೂ ಬೇಡ.
ಅಟ್ಟದ ಮೂಲೆಯಲ್ಲೇ ಇದೆ,
ಮೇಲೆ ಕೆಂಪು ಬಣ್ಣದ ಕಾಟು.

ಹುಬ್ಬಳ್ಳಿಯವನು ಪೇಟೆ ಉಣ್ಣೆಯ ದರ ಹೇಳಿದ. ಫೋನು ಇಟ್ಟೆ.

ಐಸ್ ಫ್ಯಾಕ್ಟರಿಯ ಹಮ್ಮಣ್ಣನೇ ಹೇಳಿದ್ದು:
"ಉಮಿ ಇಲ್ವನೇ?
ನಾವು ಗಡ್ಡೆಗೆ ಹೊದೆಸ್ತೇವಲ್ಲ, ಬೆಳಗಾದ್ರೂ ಕರಗೂದಿಲ್ಲ.
ತಂಪು ಕಾಯೂಕೆ ಗೊತ್ತಿದ್ದದ್ದಕ್ಕೆ
ಬಿಸಿ ಕಾಯೂಕೂ ಗೊತ್ತಿರ್ತದೆ."
ಎರಡು ಚೀಲ ಹೆಗಲ ಮೇಲೆ ಹೊತ್ತು ತಂದ.

ಹಸಿ ಉಮಿ ಹೊತ್ತಿಕೊಂಡೀತು.
ಹೊಳೆದಂಡೆಯಲ್ಲಿ, ಒಡೆದ ಹಂಡೆಯಲ್ಲಿ ಸುಟ್ಟೆ
ಎರಡು ರಾತ್ರಿ: ಕಪ್ಪು ಹೋಗಿ ಬೂದು,
ಬೂದು ಹೋಗಿ ಬಿಳಿ.
ಜೇಡಿಯ ತಿಳಿಯಲ್ಲಿ ಕಲಸಿ ಸಂದಿಗೆ ತುಂಬಿ
ಕಾದೆ.
ಸೀಸಕ್ಕೂ ನೀರಿಗೂ ಹಳೇ ಹಗೆ,
ಒಂದು ಹನಿ ಸಿಕ್ಕರೆ ಮುಖಕ್ಕೇ ಹಾರುತ್ತದೆ.
ಐದು ದಿನ ಬಿಸಿಲಲ್ಲಿಟ್ಟೆ.
ಆರನೆಯ ದಿನ ಖಾಲಿ ಪಾತ್ರೆಯನ್ನೇ
ಬಾಣಂತಿಯ ನೀರಿನ ಹಾಗೆ ಹದವಾಗಿ ಕಾಯಿಸಿದೆ.

ಆ ರಾತ್ರಿ ಸೀಸದ ತುಂಡು ಇಳಿಬಿಟ್ಟೆ.
ಅರ್ಧ ಗಂಟೆ.
ಕೆನೆ ಸರಿಸಿದರೆ ಕನ್ನಡಿ,
ಅದರಲ್ಲಿ ಬಲ್ಬು, ನನ್ನ ಮೂಗು.
ಹೊರಮೈಗೆ ಅಂಗೈ ಇಟ್ಟೆ:
ಯಾರೋ ಎದ್ದುಹೋದ ಹಾಸಿಗೆಯಷ್ಟು ಬಿಸಿ, ಅಷ್ಟೇ.
ಒಬ್ಬಳೇ ನಕ್ಕೆ.

ಎರಡು ಗಂಟೆಗೆ ಹಮ್ಮಣ್ಣ ಬಂದ,
ಯಾವಾಗಲೂ ಬರುವ ಹಾಗೆ,
ಗಡ್ಡೆಗಳನ್ನು ಲಾರಿಗೆ ಏರಿಸಿ, ಬೆರಳು ಮಡಚಲಾರದೆ.
ಅಪ್ಪನ ಕಾಲದಿಂದ
ಈ ತಗಡಿಗೆ ಬೆನ್ನು ಕೊಟ್ಟು ಕೂರುವವನು.
ಅವನ ಸ್ಟೂಲು ಅಲ್ಲೇ ಇತ್ತು.
ಕೂತ. ಬೆನ್ನು ಕೊಟ್ಟ.
ಸ್ವಲ್ಪ ಹೊತ್ತು ಸುಮ್ಮನಿದ್ದು
ತಿರುಗಿ, ಎರಡೂ ಅಂಗೈ ಒತ್ತಿ ಹಿಡಿದ,
ಗೋಡೆಯಾಚೆಯ ಮಾತು ಕೇಳುವವನ ಹಾಗೆ.

"ಒಳ್ಳೇದಾಯ್ತು" ಅಂದ.
"ಒಂದು ಚೂರೂ ಸೋರೂದಿಲ್ಲ."

ನನಗೆ ಆಗ ಹೊಳೆಯಿತು.
ಕೈ ಸೋಪಿನಲ್ಲಿ ಎರಡು ಸಲ ತೊಳೆದು
ಚಾ ಮಾಡಿದೆ, ದೊಡ್ಡ ಲೋಟದಲ್ಲಿ, ಬೆಲ್ಲ ಹೆಚ್ಚು ಹಾಕಿ.
ತುಂಬಾ ಹೊತ್ತು ಅವನು ಕುಡಿಯಲಿಲ್ಲ,
ಹಿಡಿದೇ ಕೂತಿದ್ದ.